ಬಂಗಾರ, ಭಂಗಾರ

ನಮ್ಮ ಬಸವಕಲ್ಯಾಣದ ಕಡೆ ಮುರುಕು ಕಬ್ಬಿಣ, ಒಡಕು ಬಕೆಟು, ಹಳೆಯ ಪೇಪರು ಇವೆಲ್ಲಕ್ಕೂ ‘ಭಂಗಾರ’ ಎನ್ನುತ್ತಾರೆ. ಮೈಸೂರು ಕಡೆಯವರಿಗೆ ಇದು ಗುಜರಿ. ಕನ್ನಡ, ಉರ್ದು, ಮರಾಠಿ, ಹಿಂದಿ ನಾಲ್ಕೂ ಒಂದೇ ಓಣಿಯಲ್ಲಿ ವಾಸವಾಗಿರುವ ಊರು ನಮ್ಮದು. ಶಬ್ದಗಳು ಮನೆಯಿಂದ ಮನೆಗೆ ಮೊಸರಿನ ಹೆಪ್ಪಿನಂತೆ ಓಡಾಡುತ್ತವೆ. ಬಂಗಾರಕ್ಕೂ ಭಂಗಾರಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ. ಮೂವತ್ತು ವರ್ಷದಿಂದ ಮಕ್ಕಳ ಮಹಾಪ್ರಾಣ ತಿದ್ದುತ್ತ ಬಂದವಳು ನಾನು, ನನ್ನ ಮಾತು ನಂಬಿ, ಆ ಅಂತರ ನಮ್ಮ ಕಡೆಯ ಬಾಯಿಗಳಲ್ಲಿ ಉಳಿಯುವುದು ಕಷ್ಟ. ನನ್ನ ಮನೆಯಲ್ಲಂತೂ ಒಂದು ಕಂಪ್ಯೂಟರಿನಿಂದಾಗಿ ಯಾವುದು ಬಂಗಾರ, ಯಾವುದು ಭಂಗಾರ ಎಂಬುದೇ ತಿಳಿಯದ ಹಾಗಾಯಿತು.

೨೦೦೧ರ ಮಾತು. ಆಗ ನನಗೆ ಮೂವತ್ತನಾಲ್ಕು. ಮನೆ ಬಸವಕಲ್ಯಾಣದಲ್ಲಿ, ಶಾಲೆ ಹುಮನಾಬಾದಿನಲ್ಲಿ. ದಿನವೂ ಸಸ್ತಾಪುರ ಬಂಗ್ಲಾದ ಮೇಲೆ ಹಾದು ಹೈದರಾಬಾದ್–ಪುಣೆ ಹೆದ್ದಾರಿ ಹಿಡಿದು ಬಸ್ಸಿನಲ್ಲಿ ಹೋಗಿಬರುವುದು. ಕನ್ನಡ, ಸಮಾಜ ವಿಜ್ಞಾನ ಎರಡೂ ನನ್ನ ಪಾಲಿಗೆ. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಕೈಯಿಂದ ಬರೆದು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ. ‘ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಕವಿ ಯಾರು?’ ಎಂದು ನಾನು ಬರೆದದ್ದು. ‘ಅಸ್ತಮಾ ಕವಿ ಯಾರು?’ ಎಂದು ಅಚ್ಚಾಗಿ ಬಂತು. ಬಿಲ್ಹಣನಿಗೆ ಸಾವಿರ ವರ್ಷದ ಮೇಲೆ ಹೀಗೆ ಉಬ್ಬಸ ಹತ್ತಬೇಕೇ! ಮಕ್ಕಳು ಬೇರೆ ಬಲು ನಿಷ್ಠೆಯಿಂದ ‘ಬಿಲ್ಹಣ ಅಸ್ತಮಾ ಕವಿ’ ಎಂದೇ ಉತ್ತರಿಸಿದ್ದರು. ಅಂಕ ಕೊಡಲೂ ಆಗದು, ಬಿಡಲೂ ಆಗದು. ಮುಖ್ಯೋಪಾಧ್ಯಾಯರು ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ಓದಿ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ಅವಮಾನದಿಂದ ಕಣ್ಣು ಒದ್ದೆಯಾಗಿದ್ದವು. ನನ್ನ ಅಕ್ಷರ ನಾನೇ ಬರೆದುಕೊಳ್ಳುವ ಹಾಗಾಗಬೇಕು ಎಂದು ಅಂದೇ ನಿಶ್ಚಯಿಸಿದೆ.

ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ. ಮೊದಲು ಒಂದು ತಿಂಗಳು ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಂಪ್ಯೂಟರ್ ಕಲಿಯಲು ಹೋಗಿದ್ದೆ. ಕಲಿಸುವ ಹುಡುಗ ಮೌಸ್ ಮಾತ್ರ ಹಿಡಿಯಗೊಡುತ್ತಿದ್ದ. ಕೆಳಗಿನ ಡಬ್ಬಿಯ ಕಡೆ ಕಾಲು ಸರಿದರೂ ‘ಮೇಡಂ, ಅದನ್ನ ಮುಟ್ಟಬ್ಯಾಡ್ರಿ’ ಎನ್ನುತ್ತಿದ್ದ. ನಮ್ಮ ಮನೆಗಳಲ್ಲಿ ರೇಡಿಯೋ ಬಿಚ್ಚುವವರು, ಫ್ಯೂಜ್ ಹಾಕುವವರು, ಪಂಪಿನ ವಾಷರು ಬದಲಿಸುವವರು ಗಂಡಸರು. ನಾವು ಟಾರ್ಚು ಹಿಡಿದು ನಿಲ್ಲುವವರು. ಆ ಹುಡುಗ ಹಾಗೆಂದಾಗಲೆಲ್ಲ ನನಗೆ ಆ ಡಬ್ಬಿಯೊಳಗೆ ಏನಿದೆಯೆಂದು ನೋಡುವ ಹಟ ಹೆಚ್ಚಾಗುತ್ತಿತ್ತು.

ಕಂಪೆನಿಯ ಹೆಸರಿದ್ದ ಕಂಪ್ಯೂಟರಿನ ಬೆಲೆ ಕೇಳಿದರೆ ನಮ್ಮಿಬ್ಬರ ಸಂಬಳ ನಡುಗುತ್ತಿತ್ತು. ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ದಸರೆಗೆ ಊರಿಗೆ ಬಂದವನು ನೋಟುಬುಕ್ಕಿನ ಹಾಳೆಯಲ್ಲಿ ಒಂದು ಯಾದಿ ಬರೆದುಕೊಟ್ಟ. ಮದರ್‌ಬೋರ್ಡು, ಸೆಲೆರಾನ್ ಪ್ರೊಸೆಸರ್, ೬೪ ಎಂಬಿ ರ‍್ಯಾಮ್, ೨೦ ಜಿಬಿ ಹಾರ್ಡ್ ಡಿಸ್ಕು, ಫ್ಲಾಪಿ ಡ್ರೈವು, ಸಿಡಿ ಡ್ರೈವು, ಕ್ಯಾಬಿನೆಟ್ಟು, ಕೀಬೋರ್ಡು, ಮೌಸು, ಹದಿನೈದು ಇಂಚಿನ ಮಾನಿಟರು. ಮದುವೆಯ ಜವಳಿ ಯಾದಿಯಂತೆ ಉದ್ದವಾಗಿತ್ತು. ‘ಬಿಡಿ ಸಾಮಾನು ತಂದು ಹಚ್ಚಿದ್ರ ಅಗ್ಗ ಬೀಳ್ತದ ಟೀಚರ್. ಮುಂದ ಬೇಕಾದಾಗ ಬೇಕಾದಷ್ಟು ಬೆಳಸಬಹುದು’ ಎಂದ. ಆ ‘ಬೆಳೆಸಬಹುದು’ ಎಂಬ ಮಾತು ನನಗೆ ಬಹಳ ಹಿಡಿಸಿತು. ಮೊದಲು ಒಂದು ಖೋಲಿ ಕಟ್ಟಿ, ಮುಂದೆ ಅನುಕೂಲವಾದಾಗ ಪಡಸಾಲೆ ಎಳೆಯುವ ನಮ್ಮ ಮನೆಗಳ ಹಾಗೆ.

ಎಲ್ಲ ಸೇರಿ ಇಪ್ಪತ್ತಮೂರು ಸಾವಿರ ಚಿಲ್ಲರೆ. ಕೈಯಲ್ಲಿದ್ದದ್ದು ಐದೂವರೆ ಸಾವಿರ. ಉಳಿದದ್ದಕ್ಕೆ ನನ್ನ ಕಣ್ಣು ಹೋದದ್ದು ನನ್ನ ಕೈಗಳ ಮೇಲೆಯೇ. ತವರಿನವರು ಮದುವೆಯಲ್ಲಿ ಹಾಕಿದ ಎರಡು ಪಾಟ್ಲಿ, ಒಟ್ಟು ನಾಲ್ಕು ತೊಲೆ. ಆಗ ತೊಲೆಗೆ ನಾಲ್ಕೂವರೆ ಸಾವಿರದ ಆಸುಪಾಸು ದರ. ಇವತ್ತು ತೊಲೆಗೆ ಲಕ್ಷ ದಾಟಿದೆಯೆಂದು ನೆನಪಾದರೆ ಎದೆ ಧಸಕ್ ಎನ್ನುತ್ತದೆ, ಆದರೆ ಆ ಲೆಕ್ಕ ಹಿಡಿದು ಕೂತರೆ ಯಾರೂ ಏನನ್ನೂ ಕೊಳ್ಳಲಾರರು. ನಮ್ಮ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ತವರಿನದು, ನಿನ್ನ ಇಷ್ಟ. ಆದರೆ ಅವ್ವಗ ನೀನೇ ಹೇಳು’ ಎಂದುಬಿಟ್ಟರು. ಧೈರ್ಯದ ಕೆಲಸ ಬಂದಾಗ ಹೆಂಡತಿಗೆ ಪೂರ್ಣ ಸ್ವಾತಂತ್ರ್ಯ ಕೊಡುವ ಉದಾರಿಗಳು ಅವರು.

ಅತ್ತೆಗೆ ನಾನು ಹೇಳಲಿಲ್ಲ. ಬಂಗಾರ ಮಾರುವುದೆಂದರೆ ಅವರ ಪಾಲಿಗೆ ಮನೆ ಮುಳುಗಿದ ಲಕ್ಷಣ. ಊರಿನ ಸರಾಫರ ಅಂಗಡಿಯಲ್ಲಿ ಮಾರಿದರೆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟೀತೆಂದು ಹುಮನಾಬಾದಿನಲ್ಲಿ ಶಾಲೆ ಬಿಟ್ಟ ಮೇಲೆ ಹೋಗಿ ಮಾರಿದೆ. ಮನೆಗೆ ಬಂದು, ‘ಬಸ್ಸಿನಾಗ ಕಳ್ಳರ ಕಾಟ ಹೆಚ್ಚಾಗೇದ, ಬ್ಯಾಂಕಿನ ಲಾಕರಿನಾಗ ಇಟ್ಟೀನ್ರಿ ಅತ್ತಿ’ ಎಂದೆ. ಕಂಪ್ಯೂಟರಿಗೆ ಸಾಲ ತೆಗೆದದ್ದೆಂದು ಇನ್ನೊಂದು ಸುಳ್ಳು. ಅವರು ನನ್ನ ಕೈಯ ಗಾಜಿನ ಬಳೆಗಳನ್ನು ಒಮ್ಮೆ ನೋಡಿ ‘ಹೂಂ’ ಎಂದರು. ಆ ವರ್ಷ ಫೆಬ್ರುವರಿಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿಹೋಗಿತ್ತು. ನೂರಿಪ್ಪತ್ತು ವರ್ಷ ನಡೆದ ಗಣಿ. ಪಾಠದಲ್ಲಿ ಅದನ್ನು ಹೇಳುವಾಗಲೆಲ್ಲ ನನ್ನ ಬರಿಗೈ ನನಗೇ ಎದ್ದು ಕಾಣುತ್ತಿತ್ತು.

ದಸರೆ ರಜೆ ಮುಗಿಯುವುದರೊಳಗೆ ನಾವಿಬ್ಬರು, ಹತ್ತು ವರ್ಷದ ಮಗಳು ಹೈದರಾಬಾದಿಗೆ ಹೊರಟೆವು. ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಎಂಬ ಕಟ್ಟಡವಿದೆ. ಅಂಗಡಿಗೆ ಅಂಗಡಿ ಅಂಟಿಕೊಂಡು, ಎಲ್ಲೆಲ್ಲೂ ಕಂಪ್ಯೂಟರಿನ ಸಾಮಾನೇ. ತರಕಾರಿ ಸಂತೆಯಲ್ಲಿ ಬದನೆಕಾಯಿ ಬೆಲೆ ಕೂಗುವ ಹಾಗೆ ರ‍್ಯಾಮಿನ ಬೆಲೆ ಹೇಳುತ್ತಾರೆ, ಅದೂ ಮುಂಜಾನೆ ಒಂದು, ಸಂಜೆ ಇನ್ನೊಂದು. ಚೌಕಾಶಿ ನನ್ನ ಕ್ಷೇತ್ರ. ಸಾಮಾನಿನ ಹೆಸರು ಬಾರದಿದ್ದರೂ ‘ಇನ್ನೂರು ಕಡಿಮೆ ಮಾಡಿ’ ಎನ್ನಲು ಹೆಸರು ಬೇಕಿಲ್ಲ. ಉರ್ದುವಿನಲ್ಲಿ ವಾದಿಸಿ ಮೌಸಿನ ಪ್ಯಾಡು ಮುಫತ್ತಾಗಿ ಪಡೆದೆ. ಮರಳುವಾಗ ಮಾನಿಟರಿನ ಪೆಟ್ಟಿಗೆ ನಮ್ಮ ಮನೆಯವರ ತೊಡೆಯ ಮೇಲೆ, ಕ್ಯಾಬಿನೆಟ್ಟು ನನ್ನ ಕಾಲ ನಡುವೆ, ಉಳಿದದ್ದು ಮಗಳ ಶಾಲೆಯ ಚೀಲದಲ್ಲಿ. ಕಂಡಕ್ಟರ್ ಮಾನಿಟರಿಗೆ ಲಗೇಜು ಟಿಕೆಟು ಹರಿದ. ಜಹೀರಾಬಾದು ದಾಟಿ ಮನ್ನಾಎಖೇಳಿ ಬರುವ ಹೊತ್ತಿಗೆ ನಮ್ಮವರ ಕಾಲು ಜೋಮು ಹಿಡಿದು, ‘ಇದಕ್ಕಿಂತ ಎಮ್ಮೆ ತರಬಹುದಿತ್ತು, ಅದು ನಡಕೊಂಡು ಬರ್ತಿತ್ತು’ ಎಂದರು.

ಮುಂದಿನ ಭಾನುವಾರ ಹುಡುಗ ಬಂದ. ಚಾಪೆಯ ಮೇಲೆ ಎಲ್ಲ ಹರಡಿ, ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ. ‘ನೀವೇ ಹಚ್ರಿ ಟೀಚರ್, ನಾ ಹೇಳ್ತೀನಿ. ಕೆಟ್ಟಾಗೆಲ್ಲ ನನಗ ಹೈದರಾಬಾದಿನಿಂದ ಬರ್ಲಾಕ ಆಗಲ್ರಿ’ ಎಂದ. ಎಷ್ಟೋ ತರಬೇತಿಗಳಿಗೆ ಹೋಗಿದ್ದೇನೆ, ಅಂಥ ಮೇಷ್ಟ್ರನ್ನು ಕಂಡಿಲ್ಲ. ಮೊದಲ ಪಾಠ ಸೀರೆಯದು. ನೈಲಾನ್, ರೇಷ್ಮೆ ಬೇಡ, ಹತ್ತಿಯ ಸೀರೆ ಉಡಬೇಕು. ಮೈಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ನಮಗೆ ಗೊತ್ತೇ ಆಗದ ಹಾಗೆ ಚಿಪ್ಪನ್ನು ಸುಟ್ಟುಬಿಡುತ್ತದಂತೆ. ಬೋರ್ಡು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬರಿಯ ತಗಡು ಮುಟ್ಟಬೇಕು. ‘ಕೈಯಾಗ ಬಂಗಾರ ಗಿಂಗಾರ ಇರಬಾರದು ಟೀಚರ್’ ಎಂದ. ಇರಲೂ ಇಲ್ಲ. ಅತ್ತೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು.

ತಗಡಿನ ತಟ್ಟೆಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ತಿರುವಿ ಕೂಡಿಸಿ ಅವುಗಳ ಮೇಲೆ ಬೋರ್ಡು ಇಡಬೇಕು. ಬೋರ್ಡಿನ ಬೆನ್ನು ತಗಡಿಗೆ ತಾಗಿದರೆ ಕೆಲಸ ಕೆಟ್ಟಂತೆ. ಪ್ರೊಸೆಸರಿಗೆ ಒಂದು ಹಿಡಿಕೆ ಇರುತ್ತದೆ. ಅದನ್ನೆತ್ತಿದರೆ ನೂರಾರು ಸೂಜಿಕಾಲಿನ ಚಿಪ್ಪು ತನ್ನ ಭಾರಕ್ಕೆ ತಾನೇ ಇಳಿದು ಕೂಡುತ್ತದೆ. ಒತ್ತಬಾರದು. ಒತ್ತಬೇಕೆನಿಸಿದರೆ ಮೂಲೆ ತಪ್ಪಿದೆ ಎಂದರ್ಥ. ರ‍್ಯಾಮ್ ಹಾಗಲ್ಲ, ಅದಕ್ಕೆ ಎರಡೂ ಹೆಬ್ಬೆರಳಿನ ಬಲ ಬೇಕು; ಟಕ್ಕೆಂದು ಎರಡೂ ಕಡೆಯ ಕಿವಿ ತಾವೇ ಮಡಚಿಕೊಳ್ಳಬೇಕು. ಕೆಳ ಅಂಚಿನಲ್ಲಿ ಕಚ್ಚು ಮಾಡಿರುವುದರಿಂದ ತಿರುವುಮುರುವು ಕೂಡಿಸಬೇಕೆಂದರೂ ಆಗದು. ಶ್ಯಾವಿಗೆಯನ್ನು ಸಾಲಾಗಿ ಅಂಟಿಸಿದಂಥ ಅಗಲ ಕೇಬಲ್ಲಿಗೆ ಒಂದು ಅಂಚಿನಲ್ಲಿ ಕೆಂಪು ಗೆರೆ. ಅದು ಒಂದನೆಯ ನಂಬರಿನ ಸೂಜಿಯ ಕಡೆಗೇ ಬರಬೇಕು. ಮಗಳು ಪಕ್ಕದಲ್ಲಿ ಕೂತು ಪ್ರತಿಯೊಂದರ ಚಿತ್ರ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ಯಾವ ವೈರು ಯಾವ ಬಣ್ಣ, ಯಾವ ಸ್ಕ್ರೂ ಎಲ್ಲಿಯದು. ಆ ನೋಟುಬುಕ್ಕು ಮುಂದೆ ನನಗೆ ಅಡುಗೆ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಸಂಜೆ ಐದಕ್ಕೆ ಸ್ವಿಚ್ಚು ಒತ್ತಿದೆವು. ಫ್ಯಾನು ತಿರುಗಿತು, ಪರದೆಯ ಮೇಲೆ ಬಿಳಿ ಅಕ್ಷರ ಬಂತು, ಆದರೆ ಫ್ಲಾಪಿಯ ಹಸಿರು ದೀಪ ಹತ್ತಿದ್ದು ಆರಲೊಲ್ಲದು. ಹುಡುಗ ನಕ್ಕು, ‘ಕೆಂಪು ಗೆರೆ’ ಎಂದಷ್ಟೇ ಹೇಳಿದ. ನೋಡಿದರೆ ಫ್ಲಾಪಿಯ ಕೇಬಲ್ಲು ಉಲ್ಟಾ. ದೀಪ ಆರದೆ ಉರಿದರೆ ಕೇಬಲ್ಲು ತಿರುವಿದೆ ಎಂದು ಮಗಳು ಬರೆದುಕೊಂಡಳು. ಸರಿಮಾಡಿ ವಿಂಡೋಸ್ ತುಂಬಲು ಹತ್ತಿದೆವು, ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಅದು ನಮ್ಮ ಊರು ಕೊಟ್ಟ ಆಶೀರ್ವಾದ.

ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ್ದ ‘ನುಡಿ’ ತಂತ್ರಾಂಶ ಕೆಲ ತಿಂಗಳಲ್ಲಿ ಕೈಗೆ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅದರದು. ಇಂಗ್ಲಿಷಿನ ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ, ಡ ಬೇಕೆಂದರೆ ಡಬ್ಲ್ಯೂ ಒತ್ತಬೇಕು. ‘ಕನ್ನಡ’ ಎಂಬ ಮೂರಕ್ಷರಕ್ಕೆ ಮೊದಲ ದಿನ ನನಗೆ ಮೂರು ನಿಮಿಷ ಬೇಕಾಯಿತು. ಆಮೇಲೆ ಬೆರಳಿಗೆ ದಾರಿ ಸಿಕ್ಕಿತು. ಮರುವರ್ಷ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೊಂದನ್ನು ಅರ್ಧ ಬೆಲೆಗೆ ತಂದೆವು. ಗಿರಣಿಯಂತೆ ಸದ್ದು ಮಾಡುತ್ತಿದ್ದ ಅದರಿಂದ ಹೊರಬಂದ ನನ್ನ ಮೊದಲ ಪ್ರಶ್ನೆಪತ್ರಿಕೆಯಲ್ಲಿ ವಿಕ್ರಮಾದಿತ್ಯನಿಗೆ ಆಸ್ಥಾನವನ್ನು ಮರಳಿ ಕೊಟ್ಟೆ. ಉಳಿದ ಶಿಕ್ಷಕಿಯರೂ ತಮ್ಮವನ್ನು ತರತೊಡಗಿದರು. ಪುಟಕ್ಕೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಸ್ನೇಹದಲ್ಲಿ ದುಡ್ಡೇ ಎಂದು ಹಿಂದೆ ಆಡಿಕೊಂಡವರಿದ್ದರು. ಅವರ ಪ್ರಶ್ನೆಪತ್ರಿಕೆಗಳಲ್ಲೂ ತಪ್ಪು ಇರುತ್ತಿರಲಿಲ್ಲವಲ್ಲ!

ಅತ್ತೆ ಮಾತ್ರ ಆ ಮೂಲೆಗೆ ಬರುತ್ತಿರಲಿಲ್ಲ. ‘ನಿನ್ನ ಡಬ್ಬಿ’ ಎನ್ನುತ್ತಿದ್ದರು. ಯುಗಾದಿಗೆ, ‘ಹಬ್ಬದಾಗಾದ್ರೂ ಪಾಟ್ಲಿ ತಂದು ಹಾಕ್ಕೋ’ ಎಂದರು. ನಾನು ಏನು ಮಾಡಿದೆ ಗೊತ್ತೇ? ಅದೇ ಅಚ್ಚಿನ ರೋಲ್ಡ್ ಗೋಲ್ಡ್ ಬಳೆ ಎರಡು ಕೊಂಡು ಹಾಕಿಕೊಂಡು, ಬೇವುಬೆಲ್ಲ ಹಂಚಿದೆ. ನಾಲ್ಕು ಹಬ್ಬಕ್ಕೆ ಅವುಗಳ ಹೊಳಪು ಹೋಗಿ ಅಂಚು ಕಪ್ಪಾಗತೊಡಗಿತು. ತೋಳು ಉದ್ದದ ಕುಪ್ಪಸ ಹೊಲಿಸಿಕೊಂಡೆ. ಬಿ.ಎ., ಬಿ.ಎಡ್. ಮಾಡಿ, ತರಗತಿಯಲ್ಲಿ ಸತ್ಯದ ಪಾಠ ಹೇಳುವವಳ ಅವಸ್ಥೆ ಇದು.

೨೦೦೩ರ ಮಳೆಗಾಲ. ನಾಲ್ಕು ದಿನ ಹಿಡಿದ ಜಿಟಿಜಿಟಿ ಬಿಟ್ಟ ಒಂದು ಮಧ್ಯಾಹ್ನ ಸ್ವಿಚ್ಚು ಒತ್ತಿದರೆ ಪರದೆ ಕಪ್ಪು, ಡಬ್ಬಿಯೊಳಗಿನಿಂದ ‘ಬೀ... ಬೀ...’ ಎಂದು ಬಿಟ್ಟು ಬಿಟ್ಟು ಉದ್ದನೆಯ ದನಿ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮರುದಿನ ಮುಂಜಾನೆ ನಲವತ್ತು ಪುಟದ ಕೆಲಸ ಕೊಡುವುದಿತ್ತು. ‘ಯಾಕ ಅಳ್ಲತ್ತದ ಅದು?’ ಎಂದು ಅತ್ತೆ ಒಳಗಿನಿಂದ ಬಂದರು. ಹುಡುಗನಿಗೆ ಫೋನು ಹಚ್ಚಿದೆ. ‘ಉದ್ದಕ ಕೂಗ್ಲತ್ತದಂದ್ರ ರ‍್ಯಾಮ್ ಸಿಗವಲ್ದು ಅಂತ ಅರ್ಥ ಟೀಚರ್. ಸುಮ್ನ ಅದನ್ನ ತಗದು, ಹಲ್ಲಿನ ಮ್ಯಾಲ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತ ಕೂಡಿಸ್ರಿ’ ಎಂದ. ಪೆನ್ಸಿಲ್ ರಬ್ಬರಿಗೆ ಶಿಕ್ಷಕಿಯ ಮನೆಯಲ್ಲಿ ಬರವೇ? ಪ್ಲಗ್ಗು ಕಿತ್ತು, ಸ್ಕ್ರೂ ಬಿಚ್ಚಿ, ತಗಡು ಮುಟ್ಟಿ, ಕಿವಿಗಳನ್ನು ಅಗಲಿಸಿ ರ‍್ಯಾಮ್ ಹೊರತೆಗೆದೆ. ಅತ್ತೆ ನನ್ನ ಭುಜದ ಮೇಲಿಂದ ಬಾಗಿ ನೋಡುತ್ತಿದ್ದರು.

ಹಸಿರು ಪಟ್ಟಿಯ ಕೆಳ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಹಳದಿ ಹಲ್ಲುಗಳು. ನಾಲ್ಕಾರು ಕಡೆ ಮಂಕಾಗಿದ್ದವು. ರಬ್ಬರಿನಿಂದ ಮೆಲ್ಲಗೆ ತಿಕ್ಕಿದಾಗ ಕಿಟಕಿಯ ಬೆಳಕಿಗೆ ಒಮ್ಮೆಲೇ ಫಳಕ್ಕನೆ ಹೊಳೆದವು.

‘ಏ, ಇದು ಬಂಗಾರದಂಗ ಅದಲ್ಲ?’ ಅತ್ತೆ ಎಂದರು.

‘ಬಂಗಾರದ ನೀರೇ ರಿ ಅತ್ತಿ. ಬಂಗಾರಕ್ಕ ತುಕ್ಕು ಹಿಡಿಯಂಗಿಲ್ಲ, ಕಿಲುಬು ಏರಂಗಿಲ್ಲ ಅಂತ ಕರೆಂಟು ಮುಟ್ಟೋ ಜಾಗಕ್ಕ ಕೂದಲಿಗಿಂತ ತೆಳ್ಳಗ ಹಿಡಿಸಿರ್ತಾರ’ ಎಂದೆ. ಹುಡುಗ ಹೇಳಿಕೊಟ್ಟಿದ್ದ ಪಾಠ. ಮಂಕಾಗುವುದು ಅದರ ಮೇಲೆ ಕೂತ ಧೂಳು, ಜಿಡ್ಡು.

ಅತ್ತೆ ಆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಹೊರಳಿಸಿ ನೋಡಿದರು. ಹಲ್ಲು ಮುಟ್ಟಬೇಡಿ ಎನ್ನಬೇಕೆಂದೆ, ಬಾಯಿ ಬರಲಿಲ್ಲ.

‘ನಾಕು ತೊಲಿದಾಗ ಇಷ್ಟಽ ಉಳೀತೇನು?’ ಎಂದರು.

ಹೊರಗೆ ಮಾಡಿನ ನೀರು ತಟತಟ ಎನ್ನುತ್ತಿತ್ತು. ಹುಮನಾಬಾದು ಅತ್ತೆಯ ತವರು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ವೀರಭದ್ರೇಶ್ವರನ ಜಾತ್ರೆಗೆ ವರ್ಷವೂ ಅವರ ಜೊತೆ ಹೋಗುತ್ತಿದ್ದೆ. ಊರಲ್ಲಿ ಯಾರಿಗೂ ತಿಳಿಯದಿರಲೆಂದು, ಅವರಿಗೆ ಪ್ರತಿ ಮನೆಯೂ ಪರಿಚಯವಿದ್ದ ಊರನ್ನೇ ಹುಡುಕಿಕೊಂಡು ಹೋಗಿ ಮಾರಿದ ಜಾಣೆ ನಾನು! ಸರಾಫರ ಮನೆಯ ಹಿರಿಯಾಕೆ ಅತ್ತೆಯ ಜೊತೆ ಗೋಲಿ ಆಡಿ ಬೆಳೆದವರಂತೆ. ಸುದ್ದಿ ಬಂದದ್ದು ಮೂರನೆಯ ದಿನಕ್ಕೆ. ಎಂದರೆ ಕಂಪ್ಯೂಟರಿನ ಸಾಮಾನು ಮನೆಗೆ ಬರುವ ಮೊದಲೇ.

‘ಮತ್ತ ನೀವು ಒಂದು ಮಾತೂ ಅನ್ಲಿಲ್ಲ?’

‘ಏನನ್ಲಿ? ನನ್ನ ಕೇಳಿದ್ರ ಮಾರಬ್ಯಾಡ ಅಂತಿದ್ದೆ, ಅದು ಖರೇ. ಅದಕ್ಕಽ ನೀ ಕೇಳ್ಲಿಲ್ಲ. ಅದಕ್ಕೇನು ನನಗ ಸಿಟ್ಟಿಲ್ಲ. ನಿನ್ನ ತವರಿನ ಬಂಗಾರ. ಆದ್ರ ಎರಡು ವರ್ಷ ಆಗ್ಲಾಕ ಬಂತು, ನನ್ನ ಮುಂದ ಸುಳ್ಳ ಬಳಿ ಹಾಕ್ಕೊಂಡು ತಿರಗಿದಿ. ನಾ ದಿನಾ ನೋಡ್ತಿದ್ದೆ, ಇವತ್ತ ಹೇಳ್ತಾಳ, ನಾಳಿ ಹೇಳ್ತಾಳ ಅಂತ.’

ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪಾಯಿತು ಎಂದೆ. ಅವರು ಪಟ್ಟಿಯನ್ನು ಮರಳಿ ಕೈಗೆ ಕೊಟ್ಟು, ‘ಬಂಗಾರಕ್ಕ ರಬ್ಬರ್ ತಿಕ್ತಾರೇನು? ಅಂಟವಾಳಕಾಯಿ ನೀರಾಗ ತೊಳದ್ರ ಇನ್ನೂ ಹೊಳೀತದ’ ಎಂದು ಒಳಗೆ ಹೋದರು. ಅಂಟವಾಳಕಾಯಿ ನೆನೆಸಿ ತಂದೇಬಿಟ್ಟಾರೆಂದು ಹೆದರಿ ಅವಸರದಿಂದ ಪಟ್ಟಿಯನ್ನು ಕೂಡಿಸಿ ಸ್ವಿಚ್ಚು ಒತ್ತಿದೆ. ಒಂದೇ ಒಂದು ಸಣ್ಣ ‘ಬೀಪ್’ ಎಂದು ಪರದೆ ಬೆಳಗಿತು. ಆ ರಾತ್ರಿ ನಲವತ್ತು ಪುಟ ಮುಗಿಸಿದೆ. ರೋಲ್ಡ್ ಗೋಲ್ಡ್ ಬಳೆಗಳನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಮುಂಜಾನೆ ನೋಡಿದರೆ ಅತ್ತೆ ಅವನ್ನು ಎತ್ತಿ ತೊಳೆದು, ಮೊಮ್ಮಗಳ ನಾಟಕಕ್ಕೆ ಬೇಕಾದೀತೆಂದು ಇಟ್ಟಿದ್ದರು.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಮುಂದೆ ಎಷ್ಟೋ ದಿನ ಅವರು ನನ್ನ ಮಾತಿಗೆ ‘ಖರೇನಾ?’ ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಬಸ್ಸು ತಡವಾಯಿತೆಂದರೂ ‘ಖರೇನಾ?’ ಅದು ನನಗೆ ಚುಚ್ಚುತ್ತಿತ್ತು, ಚುಚ್ಚಲೆಂದೇ ಕೇಳುತ್ತಿದ್ದರೆಂದು ನನ್ನ ಗುಮಾನಿ. ಆದರೆ ಕಂಪ್ಯೂಟರಿಗೆ ಏನು ತರುವುದಿದ್ದರೂ ಮೊದಲು ಅವರ ಮುಂದೆ ಬೆಲೆ ಹೇಳಿಯೇ ತಂದೆ. ೨೦೦೪ರಲ್ಲಿ ಇನ್ನೊಂದು ರ‍್ಯಾಮ್ ಹಾಕಿ ೬೪ನ್ನು ೧೨೮ ಮಾಡಿದಾಗ, ‘ಇದರಾಗೂ ಬಂಗಾರ ಅದೇನು?’ ಎಂದು ಕೇಳಿ, ಹಲ್ಲು ನೋಡಿ, ‘ಮೊದಲಿನದೇ ಚಂದ ಇತ್ತು’ ಎಂದರು.

ಮರುವರ್ಷ ಎರಡನೆಯ ಹಾರ್ಡ್ ಡಿಸ್ಕು ಜೋಡಿಸಿದೆ. ಒಂದೇ ಕೇಬಲ್ಲಿಗೆ ಎರಡು ಡಿಸ್ಕು ಹಚ್ಚಿದರೆ, ಹಿಂಬದಿಯ ಪುಟ್ಟ ಜಂಪರ್ ತುಣುಕನ್ನು ಸರಿಸಿ ಒಂದನ್ನು ‘ಮಾಸ್ಟರ್’, ಇನ್ನೊಂದನ್ನು ‘ಸ್ಲೇವ್’ ಮಾಡಬೇಕು. ಹಾಗೆಂದೇ ಅದರ ಮೇಲೆ ಅಚ್ಚಾಗಿರುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಮೇಲುಕೀಳು ಬೇಡವೆಂದು ಹೇಳಿದ ಕಲ್ಯಾಣದಲ್ಲೇ ಕೂತು ನಾನು ಒಂದು ಡಿಸ್ಕನ್ನು ಒಡೆಯನನ್ನಾಗಿ, ಇನ್ನೊಂದನ್ನು ಆಳನ್ನಾಗಿ ಮಾಡಿದೆ. ಎರಡನ್ನೂ ಒಡೆಯರನ್ನಾಗಿ ಬಿಟ್ಟು ನೋಡಿದೆ, ಕಂಪ್ಯೂಟರು ಏಳಲೇ ಇಲ್ಲ. ಆಮೇಲೆ ಒಂದು ಮೋಡೆಮ್ ತಂದೆವು. ಟೆಲಿಫೋನ್ ತಂತಿಯ ಗುಂಟ ಬಂದ ಮೊದಲ ಸಿಡಿಲಿಗೆ ಸುಟ್ಟು ಕರಕಾಯಿತು. ಗುಡುಗಿದಾಗ ಫೋನಿನ ವೈರು ಕೀಳಬೇಕೆಂದು ಮಗಳ ನೋಟುಬುಕ್ಕಿಗೆ ಸೇರಿತು. ಕಂಪ್ಯೂಟರಿದ್ದ ಮನೆಯ ಮಕ್ಕಳೆಲ್ಲ ಅಮೆರಿಕೆಗೆ ಹೋಗುತ್ತಾರೆಂದು ಓಣಿಯವರು ಹೇಳುತ್ತಿದ್ದರು. ನನ್ನ ಮಗಳು ಬೀದರಿನಲ್ಲಿ ಹಲ್ಲಿನ ಡಾಕ್ಟರಳಾದಳು. ಬಂಗಾರದ ಹಲ್ಲು ನೋಡಿ ಬೆಳೆದದ್ದರ ಪರಿಣಾಮ ಎಂದು ಅವಳ ಅಪ್ಪನ ಅಭಿಪ್ರಾಯ.

೨೦೧೦ರ ಹೊತ್ತಿಗೆ ಮದರ್‌ಬೋರ್ಡಿನ ಮೇಲಿನ ಡಬ್ಬಿಯಂಥ ಕೆಪಾಸಿಟರುಗಳು ಉಬ್ಬಿ ಒಡೆದವು. ಹೊಸದು ತಂದೆವು. ಹಳೆಯದನ್ನು ಅಟ್ಟಕ್ಕೇರಿಸಿದೆವು. ಎರಡು ವರ್ಷ ಕಳೆದು ಒಂದು ದಿನ ಓಣಿಯಲ್ಲಿ ತಳ್ಳುಗಾಡಿಯವನು ‘ಭಂಗಾರ್, ಭಂಗಾರ್’ ಎಂದು ಕೂಗುತ್ತ ಬಂದ. ಅತ್ತೆಗೆ ಆಗ ಕಿವಿ ಮಂದವಾಗಿತ್ತು. ಒಳಗೆ ಬಂದು, ‘ಬಂಗಾರ ಕೊಂಡ್ಕೊಳ್ಳಾಂವ ಬಂದಾನ. ನಿನ್ನ ಡಬ್ಬಿ ತಗಿ’ ಎಂದರು. ಕೇಳಿಸಿಕೊಂಡದ್ದು ತಪ್ಪೋ, ಬೇಕೆಂದೇ ಹೇಳಿದರೋ, ಈಗಲೂ ನನಗೆ ತಿಳಿಯದು.

ಅವನು ಕ್ಯಾಬಿನೆಟ್ಟನ್ನು ಕಿಲೋ ಲೆಕ್ಕದಲ್ಲಿ ತೂಗಿದ. ಬೋರ್ಡಿಗೆ ಮಾತ್ರ ಬೇರೆ ದರ ಹೇಳಿದ. ಅದರೊಳಗಿನ ಹಳದಿಗಾಗಿ ಅದನ್ನು ದೊಡ್ಡ ಊರಿನವರು ಕೊಳ್ಳುತ್ತಾರಂತೆ. ಆಮ್ಲದಲ್ಲಿ ಅದ್ದಿ, ವಿಷದ ಹೊಗೆ ಕುಡಿಯುತ್ತ ಆ ಬಂಗಾರ ತೆಗೆಯುವ ಬಡವರ ಕಥೆಯನ್ನು ನಾನು ಆಮೇಲೆ ಓದಿದೆ. ಆಗ ಗೊತ್ತಿದ್ದರೆ ಕೊಡುತ್ತಿರಲಿಲ್ಲ. ಅತ್ತೆ ಗಾಡಿಯ ಪಕ್ಕ ನಿಂತು, ‘ಒಳಗ ಬಂಗಾರ ಅದ, ನೆದರಿಟ್ಟು ನೋಡು’ ಎಂದು ಚೌಕಾಶಿ ಮಾಡಿ ಅವನ ದರಕ್ಕೆ ನಲವತ್ತು ರೂಪಾಯಿ ಏರಿಸಿದರು. ಎಲ್ಲ ಸೇರಿ ಇನ್ನೂರನಲವತ್ತು. ಎಣಿಸಿ ನನ್ನ ಕೈಗಿಟ್ಟು, ‘ತೊಗೋ, ನಿನ್ನ ಪಾಟ್ಲಿ ರೊಕ್ಕ’ ಎಂದರು.

ಅವರು ಹೋಗಿ ಈಗ ಎಂಟು ವರ್ಷ. ಆ ದಿನ ಬೋರ್ಡು ಗಾಡಿಗೆ ಹಾಕುವ ಮೊದಲು ಅವರೇ, ‘ಆ ಹಲ್ಲಿನ ಪಟ್ಟಿ ಕಿತ್ತಿಟ್ಕೋ’ ಎಂದು ತೆಗೆಸಿದ್ದ ಮೊದಲ ರ‍್ಯಾಮ್, ಪಾಟ್ಲಿ ಇಡುತ್ತಿದ್ದ ಕೆಂಪು ಡಬ್ಬಿಯಲ್ಲಿ, ಹತ್ತಿಯ ಮೇಲೆ ಇದೆ. ದೀಪಾವಳಿಗೆ ಕಪಾಟು ಒರೆಸುವಾಗ ತೆಗೆದು ನೋಡುತ್ತೇನೆ. ಇಷ್ಟು ವರ್ಷವಾದರೂ ಕಪ್ಪಾಗಿಲ್ಲ.